ದಸರಾ ರಜೆಗೆ ಶ್ರೀಲಂಕಾದ ಕಾಡು ನೋಡಲು ಹೊರಟಿದ್ದೀರಾ? ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ನನ್ನ ಮಗಳಿಗೆ 11 ವರ್ಷ. ಎರಡು ವರ್ಷದಿಂದ ಹಕ್ಕಿ ಹುಚ್ಚು ಹಿಡಿದಿದೆ. ಭಾನುವಾರ ಬೆಳಿಗ್ಗೆ ನಾನು ನಮ್ಮ ದಾವಣಗೆರೆಯ ಕುಂದವಾಡ ಕೆರೆಗೆ ವಾಕಿಂಗ್ ಹೋದರೆ ನೋಟ್‌ಬುಕ್ ಹಿಡಿದು ಹಿಂದೆಯೇ ಬರುತ್ತಾಳೆ. ಕುಂದವಾಡ, ಕೊಂಡಜ್ಜಿ, ಸೂಳೆಕೆರೆ ಎಲ್ಲ ಸೇರಿ ಅವಳು ನೋಡಿದ ಹಕ್ಕಿಗಳ ಪಟ್ಟಿ 63ಕ್ಕೆ ಬಂದು ನಿಂತಿತ್ತು. ಅದನ್ನು ನೂರು ಮಾಡಿಸೋಣ ಅಂತ ಅವಳಿಗಿಂತ ನನಗೇ ಆಸೆ ಜಾಸ್ತಿ ಆಯಿತು. ತಪ್ಪು ಶುರುವಾಗಿದ್ದು ಅಲ್ಲಿಂದಲೇ.

ನಮ್ಮೂರಿನ ಒಬ್ಬ ಟ್ರಾವೆಲ್ ಏಜೆಂಟ್ ಹತ್ತಿರ ಹೋದೆ. ಹೆಸರು ಬೇಡ. ಬಣ್ಣದ ಹಾಳೆಯೊಂದನ್ನು ಕೈಗಿಟ್ಟ. ಒಂದು ಕಡೆ ಯಾಲ ಕಾಡಿನ ಚಿರತೆ, ಇನ್ನೊಂದು ಕಡೆ ಬುಂದಲ ರಾಷ್ಟ್ರೀಯ ಉದ್ಯಾನದ ರಾಜಹಂಸಗಳು, ಮಧ್ಯದಲ್ಲಿ ಬಣ್ಣಬಣ್ಣದ ನವರಂಗ ಹಕ್ಕಿ. ಆರು ರಾತ್ರಿ, ಐದು ಜನ, 3.40 ಲಕ್ಷ. ದಸರಾ ರಜೆ, ಅಕ್ಟೋಬರ್ ಮೊದಲ ವಾರ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ. ಇಲ್ಲಿಂದ ಬೆಂಗಳೂರು ತಲುಪುವುದಕ್ಕೇ ಅದರ ಮೂರು ಪಟ್ಟು ಬೇಕು! ಸುಲಭ ಅನ್ನಿಸಿತು. ಒಪ್ಪಿಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ಯಾಲ ಅಂದರೆ ಒಂದೇ ಕಾಡಲ್ಲ, ಅದನ್ನು ಐದು ಬ್ಲಾಕ್ ಮಾಡಿದ್ದಾರೆ. ಚಿರತೆಗೆ ಹೆಸರಾದದ್ದು, ಎಲ್ಲ ಫೋಟೊಗಳಲ್ಲಿ ಕಾಣುವುದು ಬ್ಲಾಕ್ 1. ಅಲ್ಲಿಯ ಒಣಗಾಲದ ಕೊನೆಗೆ ನೀರು ಬತ್ತುತ್ತದೆ. ಅದಕ್ಕೇ ಸಾಮಾನ್ಯವಾಗಿ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 15ರವರೆಗೆ ಬ್ಲಾಕ್ 1ಕ್ಕೆ ಬೀಗ ಹಾಕುತ್ತಾರೆ. ತಾರೀಖು ವರ್ಷದಿಂದ ವರ್ಷಕ್ಕೆ ಸ್ವಲ್ಪ ಆಚೀಚೆ ಆಗುತ್ತದೆ. ನಮ್ಮ ಮಕ್ಕಳ ದಸರಾ ರಜೆ ಎಷ್ಟೋ ಸಲ ಅದರೊಳಗೇ ಬೀಳುತ್ತದೆ. ಇದು ನನಗೆ ಗೊತ್ತಾಗಿದ್ದು ಯಾಲ ಹತ್ತಿರದ ಊರು ತಿಸ್ಸಮಹಾರಾಮದ ಹೋಟೆಲ್‌ನಲ್ಲಿ, ಬೆಳಿಗ್ಗೆ ನಾಲ್ಕೂವರೆಗೆ, ಮಕ್ಕಳನ್ನು ಎಬ್ಬಿಸಿ ಸ್ವೆಟರ್ ಹಾಕಿಸಿ ನಿಂತ ಮೇಲೆ. ಜೀಪಿನವನು ನಕ್ಕ. "ಯಾಲ ಕ್ಲೋಸ್ಡ್ ಸರ್."

ಏಜೆಂಟ್‌ಗೆ ಫೋನ್ ಹಚ್ಚಿದೆ. "ಸರ್, ವೋಚರ್ ನೋಡಿ" ಅಂದ. ನೋಡಿದೆ. ಇಂಗ್ಲಿಷಿನಲ್ಲಿ ಸಣ್ಣಕ್ಷರದಲ್ಲಿ ಇತ್ತು: ಯಾಲ ನ್ಯಾಷನಲ್ ಪಾರ್ಕ್ ಆರ್ ಸಿಮಿಲರ್, ಅಂದರೆ ಯಾಲ ಅಥವಾ ಅಂಥದ್ದೇ ಇನ್ನೊಂದು. ಆ "ಸಿಮಿಲರ್" ಅನ್ನುವ ಪದದ ಮೇಲೆಯೇ ಅವನ ಅರ್ಧ ವ್ಯಾಪಾರ ನಿಂತಿದೆ.

ನಮ್ಮನ್ನು ಪಕ್ಕದ ಲುನುಗಮ್ವೆಹೆರಕ್ಕೆ ಕರೆದೊಯ್ದರು. ಆ ಕಾಡಿನ ತಪ್ಪೇನೂ ಇಲ್ಲ. ಯಾಲ ಮತ್ತು ಉಡವಲವೆ ಕಾಡುಗಳ ನಡುವೆ ಆನೆಗಳು ಓಡಾಡುವ ದಾರಿ ಅದು, ಒಳ್ಳೆಯ ಜಾಗ. ಆದರೆ ನಮ್ಮ ಜೀಪಿನವನಿಗೆ ಅಲ್ಲಿಯ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಮೂರು ಗಂಟೆಯಲ್ಲಿ ಕಂಡದ್ದು ಒಂದು ಮೊಸಳೆ ಮತ್ತು ನವಿಲುಗಳು. ಅಲ್ಲಿಯ ಟಿಕೆಟ್, ಗಾಡಿ ಶುಲ್ಕ, ಸೇವಾ ಶುಲ್ಕ, ಅದರ ಮೇಲೆ ತೆರಿಗೆ ಎಲ್ಲ ನಾನೇ ಕಟ್ಟಿದೆ. ಯಾಕೆಂದರೆ ಪ್ಯಾಕೇಜಿನಲ್ಲಿ ಇದ್ದದ್ದು ಬರೀ ಜೀಪು.

ರಾಜಹಂಸದ ಕಥೆ ಇನ್ನೂ ಚೆನ್ನಾಗಿದೆ. ಬುಂದಲ 1990ರಲ್ಲಿ ಶ್ರೀಲಂಕಾದ ಮೊದಲ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಆಯಿತು. ಅದಕ್ಕೆ ಹೆಸರು ತಂದದ್ದೇ ಅಲ್ಲಿಯ ಉಪ್ಪುನೀರಿನ ಹಿನ್ನೀರಿಗೆ ಬರುತ್ತಿದ್ದ ಈ ಹಕ್ಕಿಗಳು. ಆಮೇಲೆ ನೀರಾವರಿ ಗದ್ದೆಗಳ ಬಸಿನೀರು ಹರಿದು ಬಂದು ಉಪ್ಪು ಕಡಿಮೆಯಾಯಿತು, ರಾಜಹಂಸಗಳೂ ಕಡಿಮೆಯಾದವು. ಹಾಳೆಯಲ್ಲಿದ್ದದ್ದು ಯಾವ ಕಾಲದ ಫೋಟೊನೋ. ಇನ್ನು ನವರಂಗ. ಅದು ನಮ್ಮ ದೇಶದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೂ ಲಂಕೆಗೂ ಇಳಿಯುವ ಹಕ್ಕಿ. ಅಕ್ಟೋಬರ್ ಮೊದಲ ವಾರಕ್ಕೆ ಎಲ್ಲೋ ಒಂದೆರಡು ಬಂದಿದ್ದರೆ ಹೆಚ್ಚು. ವಲಸೆ ಹಕ್ಕಿ ನೋಡಬೇಕಿದ್ದರೆ ನವೆಂಬರ್ ನಂತರ ಹೋಗಬೇಕು. ಹಕ್ಕಿ ಟೂರ್ ಮಾರುವವನು ಜೀವನದಲ್ಲಿ ಒಂದು ಹಕ್ಕಿಯನ್ನೂ ನಿಂತು ನೋಡಿರಲಿಲ್ಲ, ಅಷ್ಟೇ.

ಸಿಂಹರಾಜ ಕಾಡಿಗೆ ಮಧ್ಯಾಹ್ನ ಎರಡಕ್ಕೆ ಕರೆದುಕೊಂಡು ಹೋದರು. 1988ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮಳೆಕಾಡು ಅದು. ಅಲ್ಲಿ ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಗುಂಪು ಕಟ್ಟಿಕೊಂಡು ಮರದಿಂದ ಮರಕ್ಕೆ ಸಾಗುತ್ತವೆ. ಅದನ್ನು ನೋಡಬೇಕಿದ್ದರೆ ಬೆಳಿಗ್ಗೆ ಬೆಳಿಗ್ಗೆಯೇ ಒಳಗಿರಬೇಕು. ನಾವು ಒಳಗೆ ಕಾಲಿಟ್ಟ ಅರ್ಧ ಗಂಟೆಗೆ ಮಳೆ ಹಿಡಿಯಿತು. ಬಯಲುಸೀಮೆಯ ನಮ್ಮ ಮಕ್ಕಳಿಗೆ ಇಂಬಳ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ, ಆರು ವರ್ಷದ ಮಗ ಕಾಲಲ್ಲಿ ರಕ್ತ ನೋಡಿ ಊರೆಲ್ಲ ಕೇಳುವಂತೆ ಕೂಗಿದ. ನನ್ನ ಹೆಂಡತಿ ತೀರ್ಥಹಳ್ಳಿ ಕಡೆಯವಳು. ಇಂಬಳ ಬಿಡಿಸಲು ಚೀಲದಲ್ಲಿ ಸುಣ್ಣದ ಡಬ್ಬಿ ಇಟ್ಟುಕೊಂಡೇ ಬಂದಿದ್ದಳು! ಅಷ್ಟರಲ್ಲೂ ಮಗಳು ಒಂದು ಕಾಡುಕೋಳಿ ಹುಂಜ ನೋಡಿದಳು. ಕೆಂಪು ಜುಟ್ಟಿನ ನಡುವೆ ಹಳದಿ. ಲಂಕೆಯ ರಾಷ್ಟ್ರಪಕ್ಷಿ. ಒದ್ದೆ ನೋಟ್‌ಬುಕ್‌ನಲ್ಲಿ 64 ಅಂತ ಬರೆದಳು.

ಇಲ್ಲಿಯವರೆಗೆ ಹೋದದ್ದು ದುಡ್ಡು ಮಾತ್ರ. ಮುಂದಿನದನ್ನು ನೆನೆಸಿಕೊಂಡರೆ ಈಗಲೂ ಅಂಗೈ ಬೆವರುತ್ತದೆ.

ಕತರಗಾಮದಿಂದ ಬುತ್ತಲ ಕಡೆ ಹೋಗುವ ರಸ್ತೆ ಕಾಡಿನ ಅಂಚಿನಲ್ಲೇ ಸಾಗುತ್ತದೆ. ಅಲ್ಲಿ ಕೆಲವು ಕಾಡಾನೆಗಳು ಗಾಡಿ ಅಡ್ಡಗಟ್ಟಿ ತಿನ್ನಲು ಕೇಳುವುದು ಕಲಿತುಬಿಟ್ಟಿವೆ. ಜನ ಹಣ್ಣು ಕೊಟ್ಟು ಕೊಟ್ಟು ಕಲಿಸಿದ್ದು. ನಮ್ಮ ಡ್ರೈವರ್ ಮುಂಚೆಯೇ ಬಾಳೆಹಣ್ಣಿನ ಚಿಪ್ಪು ತಂದಿಟ್ಟುಕೊಂಡಿದ್ದ. ನಮಗೆ ಹೇಳಿರಲಿಲ್ಲ. ಸಂಜೆ ಐದರ ಹೊತ್ತಿಗೆ ರಸ್ತೆ ಮಧ್ಯೆ ಒಂದು ಗಂಡಾನೆ. ಇವನು ಗಾಡಿ ನಿಲ್ಲಿಸಿ, ಒಳ್ಳೆ ಫೋಟೊ ಬರುತ್ತೆ ಅಂತ ಹಿಂದಿನ ಗಾಜು ತಾನೇ ಇಳಿಸಿದ.

ಸೊಂಡಿಲು ಒಳಗೆ ಬಂದೇ ಬಿಟ್ಟಿತು. ತುದಿ ಒದ್ದೆ, ಮೇಲೆಲ್ಲ ಒರಟು ಕೂದಲು, ಕೆಸರಿನ ವಾಸನೆ. ಮಗನ ಮೊಣಕಾಲು ಮುಟ್ಟಿ, ಅವನ ಎದೆ ಮೂಸಿ, ನನ್ನ ಅವ್ವನ ತೊಡೆ ಮೇಲಿದ್ದ ಚೀಲಕ್ಕೆ ಹೋಯಿತು. ಅದರಲ್ಲಿ ಊರಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇತ್ತು. ಚೀಲ ಎಳೆದುಕೊಂಡಿತು. ಡ್ರೈವರ್ ಗಾಬರಿಯಾಗಿ ಗಾಡಿ ಹಿಂದಕ್ಕೆ ತೆಗೆದ. ಆನೆ ಎರಡು ಹೆಜ್ಜೆ ಬಂದು ತಲೆಯಿಂದ ದೂಡಿತು. ಪಕ್ಕದ ಕನ್ನಡಿ ಮುರಿದು ನೇತಾಡಿತು. ಎದುರಿಂದ ಬಂದ ಬಸ್ಸಿನ ಹಾರನ್‌ಗೆ ಆನೆ ಆ ಕಡೆ ತಿರುಗಿತು, ನಾವು ಉಳಿದೆವು.

ಹತ್ತು ಕಿಲೋಮೀಟರ್ ಯಾರೂ ಮಾತಾಡಲಿಲ್ಲ. ಆಮೇಲೆ ಅವ್ವ ಅಂದಳು, "ರೊಟ್ಟಿ ಹೋತು ಅಂತಲ್ಲಪ್ಪಾ. ಹುಡುಗನ ಕೈ ಆ ಚೀಲದ ಹಿಡಿಕೆಯಾಗ ಇತ್ತು."

ಡ್ರೈವರ್ ಏನಾದರೂ ತಿನ್ನಿಸೋಣ ಅಂದರೆ, ಗಾಜು ಇಳಿಸಿದರೆ, ದಯವಿಟ್ಟು ಜಗಳ ಆಡಿ. ಮರ್ಯಾದೆ ನೋಡಬೇಡಿ. ಆ ರಸ್ತೆ ಬಿಟ್ಟು ತನಮಲ್ವಿಲ, ವೆಲ್ಲವಾಯ ಮೇಲೆ ಹೋಗುವ ದಾರಿಯೂ ಇದೆ.

ಚೆನ್ನಾಗಿ ಆದದ್ದು ಒಂದೇ. ಯಾಲ ತಪ್ಪಿದ ದಿನ ಸಂಜೆ ಆಟೊದಲ್ಲಿ ತಿಸ್ಸ ವೆವ ಕೆರೆಗೆ ಹೋಗಿದ್ದೆವು, ಯಾವ ಪ್ಯಾಕೇಜೂ ಇಲ್ಲದೆ. ಬಾಯಿಕಳಕ, ಜಂಬುಕೋಳಿ, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಅವ್ವ ಏರಿ ಮೇಲೆ ಕೂತು, "ಇವು ನಮ್ಮ ಕುಂದವಾಡದಾಗೂ ಅದಾವಲ್ಲೋ" ಅಂದಳು. ನಿಜ.

ಇನ್ನು ದುಡ್ಡಿನ ಮಾತು. ವಿದೇಶ ಪ್ಯಾಕೇಜಿಗೆ ಏಜೆಂಟರು ಟಿಸಿಎಸ್, ಅಂದರೆ ನಮ್ಮಿಂದ ಮೊದಲೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ, ಹಿಡಿಯಬೇಕು. ನನ್ನಿಂದ ಪ್ಯಾಕೇಜಿನ ಮೇಲೆ 17 ಸಾವಿರ ಹಿಡಿದಿದ್ದ. ಅದು ನಮ್ಮ ಪ್ಯಾನ್ ಹೆಸರಿನಲ್ಲಿ ಜಮಾ ಆಗಿ ನಮ್ಮ ತೆರಿಗೆ ಖಾತೆಯ ವಿವರದಲ್ಲಿ ಕಾಣಬೇಕು, ರಿಟರ್ನ್ ಹಾಕುವಾಗ ನಮಗೇ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಆಡಿಟರ್ ತೆಗೆದು ನೋಡಿದರೆ ಸೊನ್ನೆ. ಕೇಳಿದ್ದಕ್ಕೆ "ಆಗುತ್ತೆ ಸರ್, ಆಗುತ್ತೆ" ಅಂತ ಮೂರು ತಿಂಗಳು ತಳ್ಳಿದ. ಕೊನೆಗೆ ನಾನು 1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟೆ. ಅದಾದ ವಾರಕ್ಕೆ ಟಿಸಿಎಸ್ ಕಟ್ಟಿದ, ಸಫಾರಿ ಲೆಕ್ಕದಲ್ಲಿ ಎಂಟು ಸಾವಿರವನ್ನೂ ಕೊಟ್ಟ. ಉಳಿದದ್ದಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವವನಿದ್ದೇನೆ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು. ವಾಟ್ಸಾಪ್ ಮಾತು, ವೋಚರ್, ರಸೀದಿ ಎಲ್ಲ ಇಟ್ಟುಕೊಂಡಿದ್ದೇನೆ, ನೀವೂ ಇಟ್ಟುಕೊಳ್ಳಿ.

ನನ್ನ ತಪ್ಪೂ ಇದೆ. ನೂರು ರೂಪಾಯಿಯ ಗಡಿಗೆ ಕೊಳ್ಳುವಾಗ ತಟ್ಟಿ ನೋಡುವ ನಾನು ಇಲ್ಲಿ ಏನೂ ಕೇಳಲಿಲ್ಲ. ಯಾವ ಬ್ಲಾಕ್, ಆ ತಾರೀಖಿಗೆ ತೆರೆದಿರುತ್ತಾ, ಎಷ್ಟು ಗಂಟೆಗೆ ಒಳಗೆ ಹೋಗುತ್ತೇವೆ, ಟಿಕೆಟ್ ಯಾರದು, ಜೊತೆಗೆ ಬರುವವನು ಬರೀ ಡ್ರೈವರೋ ಹಕ್ಕಿ ಗೊತ್ತಿರುವ ಗೈಡೋ. ಇಷ್ಟನ್ನು ಬರವಣಿಗೆಯಲ್ಲಿ ಕೇಳಿದ್ದರೆ ಸಾಕಿತ್ತು. "ಸಿಮಿಲರ್" ಕಂಡರೆ ಅಲ್ಲೇ ಹೊಡೆದು ಹಾಕಿಸಿ ಸಹಿ ಮಾಡಿಸಿ.

ಮೊನ್ನೆ ಅವನ ಅಂಗಡಿ ಮುಂದೆ ಹಾದು ಹೋದೆ. ಹೊಸ ಫ್ಲೆಕ್ಸ್ ಹಾಕಿದ್ದಾನೆ. ಅದೇ ಚಿರತೆ, ಅದೇ ರಾಜಹಂಸ. ಕೆಳಗೆ ದಪ್ಪಕ್ಷರದಲ್ಲಿ "ದಸರಾ ಸ್ಪೆಷಲ್, ಅಕ್ಟೋಬರ್ 4ರಿಂದ."