ಪ್ರತ್ಯೇಕ ಸ್ಪರ್ಧೆಯೋ, ಜೊತೆಯಾಟವೋ: ತುಮಕೂರಿನ ಪೋಷಕರಿಗೊಂದು ಹೋಲಿಕೆ

ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳನ್ನು ಆಟಕ್ಕೆ ಸೇರಿಸಬೇಕೆಂದಿರುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ತಮ್ಮಂಥವರೊಡನೆ ಮಾತ್ರ ಆಡುವ ಪ್ರತ್ಯೇಕ ಸ್ಪರ್ಧೆ ಮತ್ತು ಅಂಗವೈಕಲ್ಯವಿಲ್ಲದವರೂ ಸೇರುವ ಜೊತೆಯಾಟ. 1968ರಲ್ಲಿ ಯೂನಿಸ್ ಕೆನಡಿ ಶ್ರೈವರ್ ಆರಂಭಿಸಿದ, ಇಂಥವರಿಗಾಗಿಯೇ ಇರುವ ಕ್ರೀಡಾ ಸಂಸ್ಥೆ ಸ್ಪೆಷಲ್ ಒಲಿಂಪಿಕ್ಸ್ ಎರಡಕ್ಕೂ ಅವಕಾಶ ನೀಡುತ್ತದೆ. ನಮ್ಮ ದೇಶದಲ್ಲಿ ಅದನ್ನು ಸ್ಪೆಷಲ್ ಒಲಿಂಪಿಕ್ಸ್ ಭಾರತ್ ನಡೆಸುತ್ತದೆ.

ಪ್ರತ್ಯೇಕ ಸ್ಪರ್ಧೆಯಲ್ಲಿ ವಯಸ್ಸು, ಲಿಂಗ ಮತ್ತು ಸಾಮರ್ಥ್ಯ ನೋಡಿ ಗುಂಪು ಮಾಡುವುದರಿಂದ, ನಿಧಾನವಾಗಿ ಓಡುವ ಹುಡುಗಿಗೂ ತನ್ನಷ್ಟೇ ವೇಗದವರೊಡನೆ ಓಡಿ ಗೆಲ್ಲುವ ಅವಕಾಶವಿರುತ್ತದೆ. ಸ್ಪರ್ಧಿಸಲು 8 ವರ್ಷ ತುಂಬಿರಬೇಕು. ಗದ್ದಲಕ್ಕೆ ಬೆದರುವ ಮಗುವಿಗೆ ಇದೇ ಒಳ್ಳೆಯ ಆರಂಭ.

ಯೂನಿಫೈಡ್ ಎಂಬ ಜೊತೆಯಾಟದಲ್ಲಿ ಅಂಗವೈಕಲ್ಯವಿಲ್ಲದವರೂ ಅದೇ ತಂಡದಲ್ಲಿರುತ್ತಾರೆ. ಐವರ ಫುಟ್‌ಬಾಲ್‌ನಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳ ಮೂವರು ಕ್ರೀಡಾಪಟುಗಳು, ಅಂಗವೈಕಲ್ಯವಿಲ್ಲದ ಇಬ್ಬರು ಜೊತೆಗಾರರು. ನಾಲ್ವರ ಬೋಚಿ ತಂಡದಲ್ಲಿ ಇಬ್ಬರಿಬ್ಬರು. ಬೋಚಿಯಲ್ಲಿ ಚಿಕ್ಕ ಗುರಿಚೆಂಡಿನ ಹತ್ತಿರಕ್ಕೆ ದೊಡ್ಡ ಚೆಂಡನ್ನು ಉರುಳಿಸಬೇಕು. ಉರುಳಿಸುವ ಮುನ್ನ ಹುಡುಗ ಜೊತೆಗಾರನ ಮುಖ ನೋಡುತ್ತಾನೆ, ಆಮೇಲೆ ತಾನೇ ನಿರ್ಧರಿಸುತ್ತಾನೆ. ಆ ಕ್ಷಣದಲ್ಲಿ ಬೆಳೆಯುವ ಗೆಳೆತನವನ್ನು ಪದಕ ಕೊಡಲಾರದು. ಆದರೆ ಜೊತೆಗಾರನೇ ಚೆಂಡನ್ನು ತನ್ನ ಬಳಿ ಇಟ್ಟುಕೊಂಡು ಆಡಿದರೆ ಮಗು ಬರಿಯ ಪ್ರೇಕ್ಷಕವಾಗುತ್ತದೆ. ಆದ್ದರಿಂದ ಸೇರಿಸುವ ಮೊದಲು ಒಂದು ಅಭ್ಯಾಸವನ್ನು ಪೂರ್ತಿ ಕುಳಿತು ನೋಡಿ, ಚೆಂಡು ಯಾರ ಬಳಿ ಹೆಚ್ಚು ಹೊತ್ತು ಇರುತ್ತದೆಂದು ಗಮನಿಸಿ.

ನನ್ನ ಒಲವು ಜೊತೆಯಾಟದ ಕಡೆಗಿದೆ, ಏಕೆಂದರೆ ಮೈದಾನದಲ್ಲಿ ಪರಿಚಯವಾದ ನೆರೆಯ ಹುಡುಗ ಮರುದಿನ ಬೀದಿಯಲ್ಲೂ ಹೆಸರು ಹಿಡಿದು ಕರೆಯುತ್ತಾನೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರ ಕುತ್ತಿಗೆಯ ಮೂಳೆಕೀಲು ಸಡಿಲವಾಗಿರುವುದರಿಂದ, ಯಾವ ದಾರಿ ಹಿಡಿದರೂ ಮೊದಲು ವೈದ್ಯರಿಗೆ ತೋರಿಸಿ.