ಅಪ್ಪಯ್ಯನ ಪುಡಿ ಇನ್‌ಹೇಲರ್: ಒಂದು ವರ್ಷದ ಅನುಭವ

ಅಪ್ಪಯ್ಯನಿಗೆ ಸಿಒಪಿಡಿ, ಅಂದರೆ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ. ನಲವತ್ತು ವರ್ಷ ಬೀಡಿ, ಜೊತೆಗೆ ಬಚ್ಚಲ ಒಲೆಯ ಹೊಗೆ. ಡಾಕ್ಟರ್ ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿ ಇನ್‌ಹೇಲರ್ ಬರೆದುಕೊಟ್ಟರು. ಮೆಡಿಕಲ್ ಅಂಗಡಿಯವನು "ದಿನಕ್ಕೆ ಎರಡು" ಅಂದು ಡಬ್ಬಿ ಕೈಗಿಟ್ಟ, ಅಷ್ಟೇ. ಅಪ್ಪಯ್ಯ ಎರಡು ದಿನ ನೀರು ಕುಡಿದು ನುಂಗಿದರು! ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಕ್ಯಾಪ್ಸೂಲ್ ಒಳಗೆ ಔಷಧಿ ಚೂರೇ ಚೂರು. ಉಳಿದದ್ದೆಲ್ಲ ಹಾಲಿನ ಸಕ್ಕರೆ, ಲ್ಯಾಕ್ಟೋಸ್. ಔಷಧಿಯ ಕಣ ಸುಮಾರು 5 ಮೈಕ್ರಾನ್‌ಗಿಂತ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣದಿದ್ದರೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಅಷ್ಟು ನುಣ್ಣಗಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತೆ ಅಲ್ವಾ, ಅದಕ್ಕೇ ದಪ್ಪ ಸಕ್ಕರೆ ಕಣದ ಮೇಲೆ ಕೂರಿಸಿರುತ್ತಾರೆ. ನಾವು ಎಳೆಯುವ ಉಸಿರಿನ ರಭಸಕ್ಕೇ ಅದು ಬಿಡಿಸಿಕೊಳ್ಳಬೇಕು.

ಹಾಗಾಗಿ ಸುಮ್ನೆ ಮೆಲ್ಲಗೆ ಎಳೆದರೆ ದಂಡ. ಮೊದಲು ಉಸಿರನ್ನು ಹೊರಗೆ ಬಿಡಬೇಕು, ಆದರೆ ಸಾಧನದೊಳಕ್ಕೆ ಅಲ್ಲ. ಆಮೇಲೆ ಜೋರಾಗಿ ಎಳೆದು ಹತ್ತು ಎಣಿಸುವವರೆಗೆ ಹಿಡಿಯಬೇಕು. ನಮ್ಮದರಲ್ಲಿ ಕ್ಯಾಪ್ಸೂಲ್ ಗರ್ರ್ ಅಂತ ತಿರುಗುತ್ತೆ. ಆ ಸದ್ದು ಬಂದರೆ ಅಪ್ಪಯ್ಯನ ಮುಖದಲ್ಲಿ ನಗು. ಪಾರದರ್ಶಕವಾದ್ದರಿಂದ ಪುಡಿ ಉಳಿದಿದ್ದರೆ ಕಾಣುತ್ತೆ, ಇದು ನನಗೆ ತುಂಬಾ ಇಷ್ಟ.

ಬೇಜಾರು ಒಂದೇ, ನಮ್ಮ ಮಲೆನಾಡಿನ ಮಳೆಗಾಲ. ಜುಲೈನಲ್ಲಿ ಡಬ್ಬಿ ಮುಚ್ಚಳ ಸರಿಯಾಗಿ ಹಾಕದೆ ಕ್ಯಾಪ್ಸೂಲ್ ಮೆತ್ತಗಾಗಿ, ಪುಡಿ ಗಂಟು ಕಟ್ಟಿತ್ತು. ಅರ್ಧ ಡಬ್ಬಿ ಎಸೆದೆ. ನಮ್ಮದರಲ್ಲಿ ಸ್ಟೀರಾಯ್ಡ್ ಇದೆ, ಅದು ಬಾಯಲ್ಲಿ ಉಳಿಯದ ಹಾಗೆ ಪ್ರತಿ ಸಲ ಬಾಯಿ ಮುಕ್ಕಳಿಸಲೇಬೇಕು. ಅಪ್ಪಯ್ಯ ಈಗಲೂ ಅದಕ್ಕೆ ಗೊಣಗುತ್ತಾರೆ, "ಸಿಹಿ ಹೋಗ್ತದೆ ಮಾರಾಯ್ತಿ" ಅಂತ.