ಎರಡನೇ ರೌಟರ್ ಹಾಕಿಸುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ಇಷ್ಟು ಕೇಳಿ

ಮನೆಗೆ ಎರಡನೇ ರೌಟರ್ ಹಾಕೋಕೆ ಯಾರಾದರೂ ಬಂದರೆ "ಇದರ ಡಿಎಚ್‌ಸಿಪಿ ಆಫ್ ಮಾಡಿದ್ದೀರಾ?" ಅಂತ ಕೇಳಿ. ಡಿಎಚ್‌ಸಿಪಿ ಅಂದರೆ ಮನೆಯ ಫೋನ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ, ರೌಟರ್ ಒಳಗಿನ ವ್ಯವಸ್ಥೆ. ಸರಿಯಾದ ಉತ್ತರ ಬರುವ ತನಕ ದುಡ್ಡು ಕೊಡಬೇಡಿ.

ನಮ್ಮದು ಪುತ್ತೂರು ಕಡೆಯ ಮುರಕಲ್ಲಿನ ಮನೆ, ದಪ್ಪ ಗೋಡೆ, ಮೇಲೊಂದು ಮಹಡಿ. ಫೈಬರ್ ಬರುವುದು ಕೆಳಗಿನ ಚಾವಡಿಗೆ, ಮೇಲಿನ ಕೋಣೆಗೆ ಸಿಗ್ನಲ್ ಹತ್ತುವುದೇ ಇಲ್ಲ. ತಂಗಿ ಅಲ್ಲೇ ಕೂತು ಆಫೀಸ್ ಕೆಲಸ ಮಾಡಬೇಕು. ಅಂಗಡಿಯವರನ್ನು ಕರೆಸಿದೆವು. ಕೇಬಲ್ ಎಳೆದರು, ಮೇಲೆ ಹೊಸ ರೌಟರ್ ಇಟ್ಟರು, ಮೊಬೈಲ್‌ನಲ್ಲಿ ಕಡ್ಡಿ ಫುಲ್ ಬಂದಿದ್ದನ್ನು ತೋರಿಸಿ ದುಡ್ಡು ತಗೊಂಡು ಹೋದರು.

ಅವತ್ತು ಸಂಜೆಯಿಂದಲೇ ಕಾಟ ಶುರು. ಮೇಲೆ ಮಾತ್ರ ಅಲ್ಲ, ಅಲ್ಲಿಯವರೆಗೆ ಚೆನ್ನಾಗಿದ್ದ ಕೆಳಗಿನ ವೈಫೈ ಕೂಡ ಕೆಟ್ಟಿತು. ಕಡ್ಡಿ ಪೂರ್ತಿ ಇರುತ್ತದೆ, ನೆಟ್ ಇರುವುದಿಲ್ಲ. ಒಬ್ಬರ ಫೋನ್‌ಗೆ ಬಂದರೆ ಇನ್ನೊಬ್ಬರದಕ್ಕೆ ಇಲ್ಲ, ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಮತ್ತೆ ಅದೇ ಕಥೆ. ತಂಗಿಯ ಮೀಟಿಂಗ್‌ಗಳು ನಡುವೆಯೇ ಕಟ್ ಆಗಿ ಅವಳು ಆಫೀಸಿನಲ್ಲಿ ಮಾತು ಕೇಳಬೇಕಾಯಿತು. ಅಂಗಡಿಯವರಿಗೆ ಫೋನ್ ಮಾಡಿದರೆ "ಲೈನ್ ಪ್ರಾಬ್ಲಮ್", ಲೈನಿನವರನ್ನು ಕೇಳಿದರೆ "ನಮ್ಮ ಲೈನ್ ಸರಿ ಇದೆ".

ಕೊನೆಗೆ ನೆಟ್‌ವರ್ಕ್ ಕೆಲಸ ಗೊತ್ತಿರುವ ಅಕ್ಕನ ಮಗ ಬಂದು ನೋಡಿದ. ಮನೆಯಲ್ಲಿ ಯಾವ ಫೋನ್‌ಗೆ ಯಾವ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ನಂಬರ್) ಅಂತ ಹಂಚುವ ಕೆಲಸ ಡಿಎಚ್‌ಸಿಪಿಯದು, ಅದನ್ನು ಒಂದೇ ರೌಟರ್ ಮಾಡಬೇಕು. ನಮ್ಮಲ್ಲಿ ಎರಡೂ ಹಂಚುತ್ತಿದ್ದವು. ಸಾಲದ್ದಕ್ಕೆ ಎರಡು ರೌಟರ್‌ಗಳ ವಿಳಾಸವೂ 192.168.1.1. ಹಾಗಾಗಿ ಎಷ್ಟೋ ಸಲ ಫೋನ್ ನೆಟ್ ಇಲ್ಲದ ಮೇಲಿನ ರೌಟರ್ ಹತ್ತಿರವೇ ನೆಟ್ ಕೇಳುತ್ತಿತ್ತು. ಕೆಳಗಿನದೂ ಯಾಕೆ ಕೆಟ್ಟಿತು ಅಂತ ಆಗ ಅರ್ಥವಾಯಿತು.

ಅವನು ಕೇಬಲನ್ನು ಇದ್ದ ಹಾಗೆ ಎರಡೂ ಕಡೆ ಲ್ಯಾನ್ ಪೋರ್ಟ್‌ನಲ್ಲೇ (ಮನೆಯೊಳಗಿನ ಸಾಧನಗಳನ್ನು ಜೋಡಿಸುವ ತೂತು) ಬಿಟ್ಟು, ಹೊಸದರ ವಿಳಾಸ 192.168.1.2 ಮಾಡಿ, ಅದರ ಡಿಎಚ್‌ಸಿಪಿ ಆಫ್ ಮಾಡಿದ. ಅಷ್ಟೇ ಕೆಲಸ! ಕೆಲವು ರೌಟರ್‌ಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಸೆಟ್ಟಿಂಗ್) ಅಂತಲೇ ಇರುತ್ತದೆ, ಅದನ್ನು ಆರಿಸಿದರೆ ಇದೆಲ್ಲ ತಾನಾಗಿಯೇ ಆಗುತ್ತದೆ. ಕೆಲವರು ಈ ಮೋಡ್ ಹಾಕದೆ ಸುಮ್ನೆ ಹೊಸದರ ವ್ಯಾನ್ ಪೋರ್ಟ್‌ಗೆ (ಹೊರಗಿನ ನೆಟ್ ಲೈನ್ ಹಾಕುವ ತೂತು) ಚುಚ್ಚಿ ಹೋಗುತ್ತಾರೆ. ವಿಳಾಸದ ಸರಣಿಯೇ ಬೇರೆ ಇದ್ದರೆ (192.168.2.1 ಥರ) ನೆಟ್ ಬರುತ್ತದೆ ನಿಜ, ಆದರೆ ಮೇಲಿನದು ಬೇರೆಯೇ ನೆಟ್‌ವರ್ಕ್ ಆಗಿಬಿಡುತ್ತದೆ. ಮೇಲಿನ ಫೋನ್‌ನಿಂದ ಕೆಳಗಿನ ಟಿವಿಗೆ ವಿಡಿಯೊ ಕಳಿಸೋಕೆ ಹೋದರೆ ಟಿವಿ ಕಾಣಿಸುವುದೇ ಇಲ್ಲ.

ನನಗೆ ಜಾಸ್ತಿ ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ನಮ್ಮ ಪ್ಲಾನ್ 200 ಎಂಬಿಪಿಎಸ್, ಎಲ್ಲ ಸರಿ ಮಾಡಿದ ಮೇಲೂ ಮೇಲೆ 95 ದಾಟಲಿಲ್ಲ. ಕನೆಕ್ಟರ್ ನೋಡಿದರೆ ಎಂಟು ತಂತಿಯಲ್ಲಿ ನಾಲ್ಕನ್ನು ಮಾತ್ರ ಕ್ರಿಂಪ್ ಮಾಡಿದ್ದರು, ಅಂದರೆ ಕನೆಕ್ಟರ್ ಒಳಗೆ ಒತ್ತಿ ಕೂರಿಸಿದ್ದರು. ಗಿಗಾಬಿಟ್ ವೇಗಕ್ಕೆ (1000 ಎಂಬಿಪಿಎಸ್) ಎಂಟೂ ಬೇಕು, ನಾಲ್ಕೇ ಇದ್ದರೆ 100ಕ್ಕೆ ನಿಲ್ಲುತ್ತದೆ. ಕೇಬಲ್‌ಗೆ ಪೂರ್ತಿ ದುಡ್ಡು ತಗೊಂಡು ಅರ್ಧ ಕೆಲಸ ಮಾಡುವುದು ಮೋಸ ಅಲ್ವಾ? ಹೊಸ ರೌಟರ್‌ನ ಸೆಟ್ಟಿಂಗ್ ಪುಟದ ಪಾಸ್‌ವರ್ಡ್ ಕೂಡ ಅಡ್ಮಿನ್ ಅಂತಲೇ ಬಿಟ್ಟಿದ್ದರು, ವೈಫೈ ಸಿಕ್ಕಿದ ಯಾರು ಬೇಕಾದರೂ ಒಳಗೆ ಹೋಗಿ ಸೆಟ್ಟಿಂಗ್ ಬದಲಾಯಿಸಬಹುದಿತ್ತು.

ಕಡ್ಡಿ ತೋರಿಸಿದರೆ ಒಪ್ಪಬೇಡಿ. ಅವರು ಇರುವಾಗಲೇ ಮೇಲೊಂದು, ಕೆಳಗೊಂದು ಫೋನ್ ಇಟ್ಟು ಎರಡರಲ್ಲೂ ವಿಡಿಯೊ ಓಡಿಸಿ, ಸ್ಪೀಡ್ ಟೆಸ್ಟ್ ಮಾಡಿಸಿ, ಬಿಲ್ ಕೇಳಿ ತಗೊಳ್ಳಿ. ನಮಗೆ ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ಈಗ ಕೇಳಿದರೆ ಆ ಕೆಲಸ ತಾವು ಮಾಡಿದ್ದೇ ಅಲ್ಲ ಅನ್ನುತ್ತಿದ್ದಾರೆ.